ಮರಳಿಗೆ ನೀರು ಹಾಯಿಸುವ ಮುನ್ನ

ಮಕ್ಕಳೇ, ನಿಮ್ಮ ಶಾಲೆಯ ಅಟ್ಲಾಸ್ ತೆಗೆದು ಪಂಜಾಬಿನ ಮೇಲೆ ಬೆರಳಿಡಿ. ಸಟ್ಲೆಜ್ ಮತ್ತು ಬಿಯಾಸ್ ನದಿಗಳು ಕೂಡುವ ಜಾಗಕ್ಕೆ ಹರಿಕೆ ಎಂದು ಹೆಸರು. ಅಲ್ಲಿಂದ ಬೆರಳನ್ನು ನೈಋತ್ಯಕ್ಕೆ ಜಾರಿಸುತ್ತಾ ಬನ್ನಿ. ಹನುಮಾನ್‌ಗಢ, ಸೂರತ್‌ಗಢ, ಬಿಕಾನೇರ್ ಕಳೆದು ಜೈಸಲ್ಮೇರ್ ಸಿಗುತ್ತದೆ. ನಿಮ್ಮ ಬೆರಳು ಹೋದ ದಾರಿಯಲ್ಲೇ ಒಂದು ಕಾಲುವೆ ಹರಿಯುತ್ತದೆ. ಉದ್ದ 649 ಕಿಲೋಮೀಟರ್. ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಿಂದ ಬೀದರ್‌ಗೆ ಹೋದಷ್ಟು ದೂರ.

ಬಿಕಾನೇರ್ ಸಂಸ್ಥಾನದ ಎಂಜಿನಿಯರ್ ಆಗಿದ್ದ ಕನ್ವರ್ ಸೇನ್ ಎಂಬುವರು 1948ರಲ್ಲಿ ಈ ಕಾಲುವೆಯ ಯೋಚನೆ ಮುಂದಿಟ್ಟರು. 1958ರ ಮಾರ್ಚ್ 31ರಂದು ಗೋವಿಂದ ವಲ್ಲಭ ಪಂತರು ಶಂಕುಸ್ಥಾಪನೆ ಮಾಡಿದರು. ಕಾಲುವೆಯ ತುದಿಗೆ ನೀರು ಮುಟ್ಟಿದ್ದು 1987ರ ಜನವರಿ 1ಕ್ಕೆ. ನಡುವೆ ಇಪ್ಪತ್ತೊಂಬತ್ತು ವರ್ಷ! ಮೊದಲು ಅದರ ಹೆಸರು ರಾಜಸ್ಥಾನ ಕಾಲುವೆ. ಈಗ ಇಂದಿರಾ ಗಾಂಧಿ ಕಾಲುವೆ ಅಂತ ಕರೆಯುತ್ತಾರೆ.

ನಾನು ಮಣ್ಣು ಸಮೀಕ್ಷೆಯ ಕೆಲಸದಲ್ಲಿದ್ದವನು. ಎಪ್ಪತ್ತರ ದಶಕದ ಕೊನೆಯಲ್ಲಿ ಎರಡು ಚಳಿಗಾಲ ಬಿಕಾನೇರ್ ಸೀಮೆಯಲ್ಲಿ ಗುಂಡಿ ತೋಡಿಸಿದ್ದೇನೆ. ಹಗಲು ಬಿಸಿಲು, ರಾತ್ರಿ ಹಲ್ಲು ಕಟಕಟಿಸುವ ಚಳಿ. ಊಟದ ತಟ್ಟೆಯಲ್ಲೂ ಮರಳು, ಹಾಸಿಗೆಯಲ್ಲೂ ಮರಳು. ಆ ಮರಳನ್ನೇ ಪೊಟ್ಟಣ ಕಟ್ಟಿ, ಮೇಲೆ ನಂಬರ್ ಬರೆದು ಪ್ರಯೋಗಾಲಯಕ್ಕೆ ಕಳಿಸುತ್ತಿದ್ದೆವು. ಒಂಟೆ ಮೇಯಿಸುವ ಮುದುಕರೊಬ್ಬರು ದಿನಾ ಬಂದು ನಮ್ಮ ಗುಂಡಿಯೊಳಗೆ ಇಣುಕಿ, "ಏನಾದರೂ ಕಳೆದುಕೊಂಡಿದ್ದೀರಾ?" ಎಂದು ಕೇಳುತ್ತಿದ್ದರು.

ಅದೇ ಕಾಲುವೆಯನ್ನು ನೋಡಿ ಬಂದ ಇನ್ನೊಬ್ಬರು ಈಗ ನಮ್ಮ ಹಲಸೂರಿನಲ್ಲಿ, ನಮ್ಮದೇ ಬೀದಿಯಲ್ಲಿದ್ದಾರೆ. ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ತರಬೇತಿ ಪಡೆದು, ಸೈನ್ಯದಲ್ಲಿ ದುಡಿದು ನಿವೃತ್ತರಾದವರು. ಬೀದಿಯ ಮಕ್ಕಳಿಗೆಲ್ಲ ಅವರು ಹವಾಲ್ದಾರ್ ಮಾಮ. ಸೂರತ್‌ಗಢದ ಹತ್ತಿರ ಎರಡು ವರ್ಷ ಡ್ಯೂಟಿ ಮಾಡಿದ್ದಾಗ, ಒಂದು ಕಡೆ ಮರಳು ದಿಬ್ಬ, ಅದಕ್ಕೆ ತಾಗಿಕೊಂಡೇ ಹಳದಿ ಹೂ ಬಿಟ್ಟ ಸಾಸಿವೆ ಹೊಲ ನೋಡಿದ್ದರಂತೆ. ಆ ನೋಟ ಅವರ ತಲೆಯಿಂದ ಹೋಗಿಲ್ಲ.

ಕಳೆದ ಸಂಕ್ರಾಂತಿ ಮುಗಿದ ವಾರ ಮನೆಗೆ ಬಂದರು. ಹೊಸಕೋಟೆ ಹತ್ತಿರ, ದಕ್ಷಿಣ ಪಿನಾಕಿನಿಯ ಹಳೆಯ ದಂಡೆಯಲ್ಲಿ ನಾಲ್ಕು ಎಕರೆ ಮಾರಾಟಕ್ಕಿದೆಯಂತೆ. ಪೂರ್ತಿ ಮರಳುಮಣ್ಣು. ಅದಕ್ಕೇ ಅಕ್ಕಪಕ್ಕದ ಜಮೀನಿಗಿಂತ ಅಗ್ಗ. ಒಂದು ಬೋರ್‌ವೆಲ್ ಇದೆ.

"ಥಾರ್ ಮರುಭೂಮೀಲೇ ಗೋಧಿ ಬೆಳೀತಾರಲ್ಲ ಸಾರ್, ಇಲ್ಲಿ ಯಾಕಾಗಲ್ಲ? ನೀರೊಂದಿದ್ರೆ ಸಾಕು" ಎಂದರು.

ಅವರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. "ಇರೋದು ಅಷ್ಟೇ ದುಡ್ಡು ಅಣ್ಣಾ. ಮಗಳ ಮದುವೆ ಬಾಕಿ ಇದೆ. ನೀವು ಒಂದ್ಸಲ ನೋಡಿ ಹೇಳಿ" ಎಂದರು. ಅವರ ದನಿ ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಜಮೀನಿಗೆ ಹೋಗುವ ಮೊದಲು ಮರಳಿನ ಗುಣ ಒಂದಿಷ್ಟು ತಿಳಿದುಕೊಳ್ಳೋಣ. ಮಣ್ಣು ವಿಜ್ಞಾನದಲ್ಲಿ 2 ಮಿಲಿಮೀಟರ್‌ನಿಂದ 0.05 ಮಿಲಿಮೀಟರ್‌ವರೆಗಿನ ಕಣಕ್ಕೆ ಮರಳು ಎನ್ನುತ್ತಾರೆ. 0.002 ಮಿಲಿಮೀಟರ್‌ಗಿಂತ ಚಿಕ್ಕದು ಜೇಡಿ. ಮಧ್ಯದ್ದು ಹೂಳು. ಒಂದು ಮರಳಿನ ಕಣ ಕುಂಬಳಕಾಯಿಯಷ್ಟು ದಪ್ಪ ಎಂದುಕೊಂಡರೆ ಜೇಡಿಯ ಕಣ ಸಾಸಿವೆ ಕಾಳಿಗಿಂತ ಸಣ್ಣದು. ಕುಂಬಳಕಾಯಿ ರಾಶಿಯ ಮೇಲೆ ಒಂದು ಬಿಂದಿಗೆ ನೀರು ಸುರಿದರೆ ಸಂದಿಯಲ್ಲೆಲ್ಲ ಇಳಿದು ನೆಲ ಸೇರುತ್ತದೆ. ಸಾಸಿವೆ ರಾಶಿಯ ಮೇಲೆ ಸುರಿಯಿರಿ, ಒಂದೊಂದು ಕಾಳಿಗೂ ನೀರು ಅಂಟಿಕೊಂಡು ನಿಲ್ಲುತ್ತದೆ. ಒಂದು ಮೀಟರ್ ಆಳದ ಮರಳುಮಣ್ಣು ಗಿಡಕ್ಕೆ ಸಿಗುವ ಹಾಗೆ ಹಿಡಿದಿಡುವ ನೀರು 25ರಿಂದ 100 ಮಿ.ಮೀ. ಅಷ್ಟೇ ಆಳದ ಜೇಡಿಮಣ್ಣು 175ರಿಂದ 250 ಮಿ.ಮೀ. ಹಿಡಿಯುತ್ತದೆ.

ತಲಕಾಡಿಗೆ ಹೋದವರು ಇದನ್ನು ಕಣ್ಣಾರೆ ಕಂಡಿರುತ್ತೀರಿ. ದೇವಸ್ಥಾನಗಳನ್ನೇ ಮುಚ್ಚಿದ ಮರಳು ಅಲ್ಲಿದೆ. ಅಲಮೇಲಮ್ಮನ ಶಾಪದ ಕಥೆಯನ್ನು ಅಜ್ಜಿಯರು ಹೇಳಿಯೇ ಇರುತ್ತಾರೆ. ಮೇಲ್ಭಾಗದಲ್ಲಿ ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ಕಾವೇರಿಯ ಹರಿವು ತಗ್ಗಿ, ಬಯಲಾದ ಹೊಳೆಯ ಮರಳನ್ನು ಗಾಳಿ ಊರ ಮೇಲೆ ತಂದು ಸುರಿಯಿತು ಎನ್ನುವ ಸಂಶೋಧಕರಿದ್ದಾರೆ. ಬೇಕಾದರೆ ಎರಡನ್ನೂ ನಂಬಿ, ನನ್ನದೇನೂ ತಕರಾರಿಲ್ಲ. ನಾನು ನೋಡಲು ಹೇಳುವುದು ಬೇರೆ ಒಂದನ್ನು. ಆ ದಿಬ್ಬದಿಂದ ಇಳಿದು ಸ್ವಲ್ಪ ದೂರ ನಡೆದರೆ ಅದೇ ಕಟ್ಟೆಯ ನಾಲೆ ನೀರಿನಲ್ಲಿ ಭತ್ತದ ಗದ್ದೆಗಳು. ನೀರು ಒಂದೇ ಹೊಳೆಯದು. ಗದ್ದೆಯ ಮಣ್ಣಿನಲ್ಲಿ ನೀರು ನಿಲ್ಲುತ್ತದೆ, ದಿಬ್ಬದಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಮರಳು ಬೇಸಾಯಕ್ಕೆ ಕೆಟ್ಟದ್ದೇ? ಅಲ್ಲ. ಬೇರು ಸಲೀಸಾಗಿ ಇಳಿಯುತ್ತದೆ. ಮಳೆ ಬಂದ ಮರುದಿನವೇ ಉಳಬಹುದು. ಕಡಲೆಕಾಯಿ ಕೀಳುವಾಗ ಗಿಡ ಹಿಡಿದೆಳೆದರೆ ಕಾಯಿ ಸಮೇತ ಬರುತ್ತದೆ, ಎರೆಮಣ್ಣಿನಲ್ಲಿ ಅರ್ಧ ಕಾಯಿ ನೆಲದಲ್ಲೇ ಉಳಿಯುತ್ತದೆ. ಇನ್ನೊಂದು ಲಾಭವೂ ಇದೆ. ನೀರಿನಲ್ಲಿ ಸ್ವಲ್ಪ ಉಪ್ಪಿನಂಶವಿದ್ದರೂ ಮರಳಿನಲ್ಲಿ ಅದು ಬೇಗ ತೊಳೆದು ಕೆಳಗೆ ಹೋಗುತ್ತದೆ.

ಕೆಳಗೆ ಹೋಗುತ್ತದೆ, ಸರಿ. ಎಲ್ಲಿಗೆ?

ನನ್ನ ನೌಕರಿಯುದ್ದಕ್ಕೂ ಬೆನ್ನು ಹತ್ತಿದ ಪ್ರಶ್ನೆ ಇದು. ಬಿಕಾನೇರಿನ ಗುಂಡಿಗಳಲ್ಲಿ ಮೇಲೆ ನಾಲ್ಕೈದು ಅಡಿ ಸೊಗಸಾದ ಮರಳು ಇರುತ್ತಿತ್ತು. ಆಮೇಲೆ ಹಾರೆ ಹಾಕಿದರೆ ಠಣ್ ಎನ್ನುವ ಸದ್ದು. ಸುಣ್ಣ, ಜಿಪ್ಸಮ್ ಕಟ್ಟಿಕೊಂಡ ಗಟ್ಟಿ ಪದರ. ಬಿಕಾನೇರ್ ಹತ್ತಿರದ ಜಾಮ್‌ಸರ್‌ನಲ್ಲಿ ಜಿಪ್ಸಮ್ಮಿನ ಗಣಿಯೇ ಇದೆ, ಆ ಸೀಮೆಯ ನೆಲ ಅಂಥದ್ದು. ವರ್ಷಕ್ಕೆ ಒಂದೆರಡು ಮಳೆ ಬೀಳುವಾಗ ಈ ಪದರದಿಂದ ಯಾರಿಗೂ ತೊಂದರೆಯಿಲ್ಲ. ಕಾಲುವೆ ಬಂದು ವರ್ಷವಿಡೀ ನೀರು ಹಾಯಿಸತೊಡಗಿದಾಗ ಏನಾಗುತ್ತದೆ? ಮರಳಿನಲ್ಲಿ ಸರಸರನೆ ಇಳಿದ ನೀರು ಪದರದ ಮೇಲೆ ನಿಲ್ಲುತ್ತದೆ. ತೂತಿಲ್ಲದ ಕುಂಡಕ್ಕೆ ಮರಳು ತುಂಬಿ ದಿನಾ ನೀರು ಹಾಕಿದ ಹಾಗೆ. ಕಾಲುವೆಯ ಮೊದಲ ಹಂತದ ಕೆಲವು ಕಡೆ ಅಂತರ್ಜಲ ವರ್ಷಕ್ಕೆ ಸುಮಾರು ಒಂದು ಮೀಟರ್‌ನಂತೆ ಮೇಲೆ ಬಂತು. ಹನುಮಾನ್‌ಗಢ ಜಿಲ್ಲೆಯ ರಾವತ್‌ಸರ್ ಕಡೆ ಹೊಲಗಳು ಜೌಗಾದವು. ನೀರಿನ ಜತೆ ಉಪ್ಪೂ ಮೇಲೆ ಬಂದು, ನೀರು ಆರಿದ ಮೇಲೆ ನೆಲದಲ್ಲಿ ಬೆಳ್ಳಗೆ ಉಳಿಯಿತು. ಮರುಭೂಮಿಯಲ್ಲಿ ನೀರು ಹೆಚ್ಚಾಗಿ ಜನ ಮನೆ ಬಿಟ್ಟು ಹೋಗಬೇಕಾಯಿತು ಎಂದರೆ ನನ್ನ ಮೊಮ್ಮಗಳು ನಂಬಲೇ ಇಲ್ಲ. "ತಾತ, ಸುಮ್ನೆ ಹೇಳ್ತೀಯಾ" ಎಂದಳು.

ಇದು ಬರೀ ರಾಜಸ್ಥಾನದ ಕಥೆಯಲ್ಲ. ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆಗೂ ನೀರು ನಿಂತು ಚೌಳಾದ ಜಮೀನುಗಳಿವೆ. ಅಲ್ಲಿಯದು ಮರಳಲ್ಲ, ಎರೆಮಣ್ಣು. ಅಷ್ಟೇ ವ್ಯತ್ಯಾಸ.

ಹಾಗೆಂದು ಕಾಲುವೆ ಸೋತಿತು ಅನ್ನಬೇಡಿ. ಲಕ್ಷಾಂತರ ಎಕರೆಯಲ್ಲಿ ಗೋಧಿ, ಸಾಸಿವೆ, ಹತ್ತಿ, ಕಡಲೆ ಬೆಳೆದಿದೆ. ಬಿಕಾನೇರ್ ಈಗ ಕಡಲೆಕಾಯಿಗೆ ಹೆಸರಾದ ಜಿಲ್ಲೆ. ಮರಳು ಜಾಸ್ತಿ ಇರುವ ಕಡೆ ರೈತರು 'ಡಿಗ್ಗಿ' ಎಂಬ ಹೊಂಡ ಕಟ್ಟಿ, ಕಾಲುವೆ ನೀರನ್ನು ಅದರಲ್ಲಿ ತುಂಬಿಸಿಕೊಂಡು, ಸ್ಪ್ರಿಂಕ್ಲರ್‌ನಲ್ಲಿ ಹನಿ ಚಿಮುಕಿಸುತ್ತಾರೆ. ಕಾಲುವೆ ಪಕ್ಕದಲ್ಲಿ ಸಾಲುಸಾಲಾಗಿ ನೀಲಗಿರಿ ಹಾಕಿದ್ದಾರೆ. ನಮ್ಮ ಕೋಲಾರದ ಕಡೆ ಅಂತರ್ಜಲ ಕುಡಿಯುತ್ತದೆಂದು ನಾವು ಬೈಯುವ ಅದೇ ನೀಲಗಿರಿ ಅಲ್ಲಿ ಜೌಗು ಹೀರುವ ಪಂಪು!

ಇಷ್ಟೆಲ್ಲ ಹೇಳಿದ ಮೇಲೆ ಹವಾಲ್ದಾರ್ರು ಮೀಸೆ ತಿರುವಿಕೊಂಡು, "ಹಾಗಾದ್ರೆ ಗುಂಡಿ ತೋಡೇ ಬಿಡೋಣ. ಸ್ಯಾಪರ್ಸ್‌ಗೆ ಗುಂಡಿ ತೋಡೋದು ಹೊಸದಾ ಸಾರ್?" ಎಂದರು.

ಅಟ್ಟದ ಮೇಲಿದ್ದ ನನ್ನ ಹಳೆಯ ಆಗರ್ ಇಳಿಸಿದೆ. ಬಡಗಿಗಳ ಬೈರಿಗೆಯ ದೊಡ್ಡಣ್ಣ ಅದು, ತಿರುಗಿಸಿದರೆ ನೆಲದೊಳಗಿನ ಮಣ್ಣನ್ನು ಹಿಡಿದು ಮೇಲೆ ತರುತ್ತದೆ. ನೀರು ಇಂಗುವ ವೇಗ ಅಳೆಯಲು ಎರಡು ಕಬ್ಬಿಣದ ಬಳೆ ಬೇಕಿತ್ತು. ಶಿವಾಜಿನಗರದ ಗುಜರಿಗೆ ಹೋಗಿ, ಒಂದು ದೊಡ್ಡ ಪೀಪಾಯಿ ಒಂದು ಸಣ್ಣ ಪೀಪಾಯಿ ಆರಿಸಿ, ತಳ ಕತ್ತರಿಸಿ ಒಂದಡಿ ಎತ್ತರದ ಬಳೆ ಮಾಡಿಸಿಕೊಂಡೆವು. ಅಂಗಡಿಯವರು, "ತಂದೂರಿ ಒಲೆನಾ ಸಾಬ್?" ಎಂದು ಕೇಳಿದರು. ಮೊಮ್ಮಗಳು ಏಳನೇ ತರಗತಿ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಅವಳೂ ಹೊರಟಳು. ಹಲಸೂರಿನಿಂದ ಕೆ.ಆರ್. ಪುರದವರೆಗೆ ಮೆಟ್ರೊ, ಮುಂದೆ ಹಳೇ ಮದ್ರಾಸ್ ರಸ್ತೆಯಲ್ಲಿ ಬಸ್ಸು. ಬಳೆಗಳನ್ನೂ ಆಗರನ್ನೂ ಹವಾಲ್ದಾರ್ರ ಭಾವಮೈದ ಹಿಂದಿನ ದಿನವೇ ಲಗೇಜ್ ಆಟೋದಲ್ಲಿ ಸಾಗಿಸಿದ್ದರು. ಆ ಆಗರ್ ಹಿಡಿದುಕೊಂಡು ಮೆಟ್ರೊದ ತಪಾಸಣೆ ದಾಟುವ ಧೈರ್ಯ ನನಗಿರಲಿಲ್ಲ.

ಜಮೀನು ಇಳಿಜಾರು. ಮೇಲಿನ ತುದಿ ರಸ್ತೆ ಕಡೆ, ಕೆಳಗಿನ ತುದಿ ಹೊಳೆ ಕಡೆ. ಮಣ್ಣು ನೋಡುವವನು ಮೊದಲು ಮಣ್ಣು ನೋಡಬಾರದು, ಗಿಡ ನೋಡಬೇಕು. ಮೇಲೆ ತುಂಬೆ, ಉತ್ತರಾಣಿ. ಕೆಳಗೆ ಆಪು ಹುಲ್ಲು, ಜೊಂಡು. ಮೊಮ್ಮಗಳಿಗೆ ಹೇಳಿದೆ: "ಜೊಂಡು ಸುಮ್ಮಸುಮ್ಮನೆ ಬೆಳೆಯಲ್ಲ ಕಂದ. ಅದರ ಕಾಲು ಒದ್ದೆಯಾಗಿರಬೇಕು."

ಮೊದಲು ಕೈಪರೀಕ್ಷೆ. ಹಿಡಿ ಮಣ್ಣಿಗೆ ಸ್ವಲ್ಪ ನೀರು ಸೇರಿಸಿ ರಾಗಿಮುದ್ದೆಯಂತೆ ಉಂಡೆ ಕಟ್ಟಬೇಕು. ಉಂಡೆಯೇ ಆಗದೆ ಉದುರಿದರೆ ಬರೀ ಮರಳು. ಉಂಡೆಯಾಗಿ, ಹೆಬ್ಬೆರಳಿನಿಂದ ಒತ್ತಿ ಪಟ್ಟಿ ಎಳೆಯಲು ಹೋದಾಗ ತುಂಡಾದರೆ ಮರಳು ಜಾಸ್ತಿಯಿರುವ ಗೋಡುಮಣ್ಣು. ಉದ್ದದ ಪಟ್ಟಿ ಬಂದರೆ ಜೇಡಿ. ನಲವತ್ತು ವರ್ಷದ ಅನುಭವದವರು ಬೆರಳಿನಲ್ಲೇ ಹೇಳುವುದನ್ನು ಪ್ರಯೋಗಾಲಯ ಎರಡು ದಿನ ತೆಗೆದುಕೊಂಡು ಹೇಳುತ್ತದೆ ಎಂದು ನಾವು ಜಂಬ ಕೊಚ್ಚಿಕೊಳ್ಳುವುದುಂಟು. ಇಲ್ಲಿಯ ಮಣ್ಣು ಉಂಡೆಯಾಯಿತು, ಪಟ್ಟಿಯಾಗಲಿಲ್ಲ. ಅಂದರೆ ಮಾರುವವರು ಹೇಳಿದಷ್ಟು ಬರೀ ಮರಳಲ್ಲ. ಒಳ್ಳೆಯ ಸುದ್ದಿ.

ಆಮೇಲೆ ಗುಂಡಿ. ಮೇಲಿನ ತುದಿಯಲ್ಲಿ ಒಂದು, ಕೆಳಗಿನ ತುದಿಯಲ್ಲಿ ಒಂದು, ಎರಡೂ ಐದಡಿ ಆಳ. ನಡುವೆ ಆರು ಕಡೆ ಆಗರ್ ಹಾಕಿದೆವು. ಮೇಲಿನ ಗುಂಡಿಯಲ್ಲಿ ಒಂದಡಿ ಕಂದು ಮರಳುಮಣ್ಣು, ಅದರ ಕೆಳಗೆ ಐದಡಿಯವರೆಗೂ ಕೆಮ್ಮಣ್ಣು ಬೆರೆತ ಮರಳು. ಹಾರೆಗೆ ಎಲ್ಲೂ ಅಡ್ಡಿಯಿಲ್ಲ. ಹಳೆಯ ಮರದ ಬೇರುಗಳು ತಳದವರೆಗೆ ಇಳಿದಿದ್ದವು. ಬೇರು ಹೋದ ದಾರಿಯಲ್ಲಿ ನೀರೂ ಹೋಗುತ್ತದೆ.

ಕೆಳಗಿನ ಗುಂಡಿಯ ಮಾತೇ ಬೇರೆ. ಮೇಲೆ ಎರಡೂವರೆ ಅಡಿ ಥೇಟು ಅದೇ ಮರಳು. ಮೇಲ್ನೋಟಕ್ಕೆ ನಾಲ್ಕು ಎಕರೆಯೂ ಒಂದೇ ಜಮೀನು. ಎರಡೂವರೆ ಅಡಿ ದಾಟಿದ ಕೂಡಲೇ ಬೂದು ಬಣ್ಣದ ಜೇಡಿ, ಅದರ ತುಂಬ ತುಕ್ಕಿನ ಬಣ್ಣದ ಚುಕ್ಕೆಗಳು. ಮಣ್ಣಿನಲ್ಲಿರುವ ಕಬ್ಬಿಣ ಗಾಳಿ ಸಿಕ್ಕಿದರೆ ಕೆಂಪಾಗುತ್ತದೆ, ನೀರಿನಲ್ಲಿ ಮುಳುಗಿ ಗಾಳಿ ಸಿಗದಿದ್ದರೆ ಬೂದಿಯಾಗುತ್ತದೆ. ಬೂದು ಮತ್ತು ತುಕ್ಕು ಎರಡೂ ಒಟ್ಟಿಗಿದ್ದರೆ, ಅಲ್ಲಿ ವರ್ಷದಲ್ಲಿ ಕೆಲವು ತಿಂಗಳು ನೀರು ನಿಂತು ಮತ್ತೆ ಇಳಿಯುತ್ತದೆ ಎಂದು ಅರ್ಥ. ಮಾರುವವರ ಕಡೆಯವರು ಅಲ್ಲೇ ಬದುವಿನ ಮೇಲೆ ನಿಂತು, "ಇಲ್ಲಿ ಯಾವತ್ತೂ ನೀರು ನಿಲ್ಲಲ್ಲ ಸ್ವಾಮಿ" ಎಂದರು. ನಾನು ಗುಂಡಿಯ ಗೋಡೆ ನೋಡಿದೆ. ಅವರಿಗೆ ಏನೂ ಹೇಳಲಿಲ್ಲ.

ಇನ್ನು ನೀರು ಇಂಗುವ ಪರೀಕ್ಷೆ. ದೊಡ್ಡ ಬಳೆಯೊಳಗೆ ಸಣ್ಣ ಬಳೆ ಇಟ್ಟು ಎರಡನ್ನೂ ನೆಲಕ್ಕೆ ಬಡಿದು ಕೂರಿಸಬೇಕು. ಎರಡಕ್ಕೂ ನೀರು ತುಂಬಿ, ಒಳಗಿನದರಲ್ಲಿ ನೀರು ಎಷ್ಟು ಇಳಿಯಿತೆಂದು ಸ್ಕೇಲ್ ಇಟ್ಟು ಅಳೆಯಬೇಕು. ಹೊರಗಿನ ಬಳೆ ಯಾಕೆ? ಅದರ ನೀರು ಪಕ್ಕಕ್ಕೆ ಹರಡಿಕೊಂಡು, ಒಳಗಿನ ನೀರು ನೇರವಾಗಿ ಕೆಳಗೇ ಇಳಿಯುವಂತೆ ನೋಡಿಕೊಳ್ಳುತ್ತದೆ. ಮನೆಯಲ್ಲಿ ಮಾಡುವುದಾದರೆ ತಳ ತೆಗೆದ ಡಾಲ್ಡಾ ಡಬ್ಬಿ ಸಾಕು, ಲೆಕ್ಕ ಸ್ವಲ್ಪ ಹೆಚ್ಚುಕಡಿಮೆಯಾದೀತು. ಮೊಮ್ಮಗಳು ವಾಚ್ ನೋಡಿ ಬರೆದುಕೊಂಡಳು. ಮೇಲಿನ ತುದಿಯಲ್ಲಿ ಮೊದಲ ಗಂಟೆ 6 ಸೆಂಟಿಮೀಟರ್, ಆಮೇಲೆ ಗಂಟೆಗೆ 4 ಸೆಂಟಿಮೀಟರ್‌ಗೆ ನಿಂತಿತು. ಜೇಡಿಮಣ್ಣಿನಲ್ಲಿ ಗಂಟೆಗೆ ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ಇಂಗುವುದಿಲ್ಲ. ಮೂರು ಸೆಂಟಿಮೀಟರ್ ಮೀರಿದರೆ ಅದು ಮರಳಿನ ವರ್ಗ. ಇಂಥ ನೆಲದಲ್ಲಿ ಕಾಲುವೆ ತೆಗೆದು ಪಾತಿಗೆ ನೀರು ಬಿಟ್ಟರೆ ಮೊದಲ ಪಾತಿಯೇ ಎಲ್ಲ ಕುಡಿದುಬಿಡುತ್ತದೆ. ಹನಿ ನೀರಾವರಿ, ಇಲ್ಲವೇ ಸ್ಪ್ರಿಂಕ್ಲರ್, ಬೇರೆ ದಾರಿಯಿಲ್ಲ.

ಈಗ ನಾನು ಹವಾಲ್ದಾರ್ರಿಗೆ ಹಾಕಿಕೊಟ್ಟ ಲೆಕ್ಕ. ಮಕ್ಕಳೂ ಪೆನ್ಸಿಲ್ ತೆಗೆದುಕೊಳ್ಳಿ.

ಬೆಳೆ ತುಂಬಿ ನಿಂತಾಗ ದಿನಕ್ಕೆ 5 ಮಿ.ಮೀ. ನೀರು ಬೇಕು ಎಂದಿಟ್ಟುಕೊಳ್ಳಿ. ಎರಡಡಿ ಬೇರಿನಾಳದಲ್ಲಿ ಈ ಮಣ್ಣು ಹಿಡಿದಿಡುವುದು ಸುಮಾರು 36 ಮಿ.ಮೀ. ಅದರಲ್ಲಿ ಅರ್ಧ ಖರ್ಚಾಗುವ ಹೊತ್ತಿಗೆ ಗಿಡ ಬಾಡತೊಡಗುತ್ತದೆ. ಅಂದರೆ 18 ಮಿ.ಮೀ. ದಿನಕ್ಕೆ ಐದರಂತೆ ಮೂರೂವರೆ ದಿನ. ಎರೆಮಣ್ಣಿನವರು ಎರಡು ವಾರಕ್ಕೊಮ್ಮೆ ನೀರು ಕೊಟ್ಟು ನೆಂಟರ ಮನೆಗೆ ಹೋಗಿ ಬರಬಹುದು. ಮರಳಿನವರಿಗೆ ಮೂರು ದಿನಕ್ಕಿಂತ ರಜೆಯಿಲ್ಲ.

ಒಂದು ಎಕರೆಯ ಮೇಲೆ 1 ಮಿ.ಮೀ. ನೀರು ಎಂದರೆ 4,047 ಲೀಟರ್. ಐದು ಮಿ.ಮೀ. ಎಂದರೆ ಇಪ್ಪತ್ತು ಸಾವಿರ ಲೀಟರ್ ದಾಟಿತು. ನಾಲ್ಕು ಎಕರೆಗೆ ದಿನಕ್ಕೆ ಎಂಬತ್ತು ಸಾವಿರ. ಬೋರ್‌ವೆಲ್ಲಿನಲ್ಲಿ ಎಷ್ಟಿದೆ? "ಭರ್ಜರಿ ನೀರು" ಎಂದಿದ್ದರು. ಪಕ್ಕದ ತೋಟದಿಂದ 200 ಲೀಟರಿನ ಡ್ರಮ್ ತಂದು ಪೈಪಿಗೆ ಹಿಡಿದೆವು. ತುಂಬಲು ಆರು ನಿಮಿಷ. ಗಂಟೆಗೆ ಎರಡು ಸಾವಿರ ಲೀಟರ್. ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಬಂದರೆ ಹದಿನಾಲ್ಕು ಸಾವಿರ. ಒಂದು ಎಕರೆಗೂ ಪೂರ್ತಿ ಸಾಲದು! ಅದೂ ಫೆಬ್ರವರಿಯಲ್ಲಿ. ಏಪ್ರಿಲ್‌ನಲ್ಲಿ ಏನಿರುತ್ತದೋ ಬೋರ್‌ವೆಲ್ಲಿಗೇ ಗೊತ್ತು.

ಹವಾಲ್ದಾರ್ರು ಬಹಳ ಹೊತ್ತು ಡ್ರಮ್ಮನ್ನೇ ನೋಡುತ್ತಾ ನಿಂತರು. "ಹೊಳೆ ನೀರು ಎತ್ತಬಹುದಲ್ಲ ಸಾರ್?" ಎಂದು ಮೆಲ್ಲಗೆ ಕೇಳಿದರು. ಹೊಳೆಯಲ್ಲಿ ಮಳೆಗಾಲ ಬಿಟ್ಟರೆ ಹರಿಯುತ್ತಿದ್ದುದು ಊರಿನ ಕೊಚ್ಚೆ. ವಾಸನೆಯೇ ಸಾಕಾಗಿತ್ತು. ಬೋರ್‌ವೆಲ್ ನೀರಿಗೆ ಉಪ್ಪಿನಂಶ ತೋರಿಸುವ ಪೆನ್ ಮೀಟರ್ ಅದ್ದಿದೆ, 1.1 ತೋರಿಸಿತು. ಅದರ ಮಾನಕ್ಕೆ ಡೆಸಿಸೀಮನ್ಸ್ ಎನ್ನುತ್ತಾರೆ. 0.7ರ ಒಳಗಿದ್ದರೆ ಚಿಂತೆಯಿಲ್ಲ, 3 ದಾಟಿದರೆ ಅಪಾಯ. ಇದು ನಡುವಿನದು. ಮೇಲಿನ ತುದಿಯಲ್ಲಿ ಉಪ್ಪು ತೊಳೆದು ಕೆಳಗೆ ಹೋಗುತ್ತದೆ, ಕಡಲೆಕಾಯಿ ಬೆಳೆಯಬಹುದು. ಕೆಳಗಿನ ತುದಿಯಲ್ಲಿ ಅದೇ ನೀರು ಜೇಡಿಯ ಮೇಲೆ ನಿಂತು, ನಾಲ್ಕೈದು ವರ್ಷದಲ್ಲಿ ರಾವತ್‌ಸರ್‌ನ ಸಣ್ಣ ನಕಲು ಮಾಡಿಡುತ್ತದೆ.

ಅಷ್ಟರಲ್ಲಿ ಮಾರುವವರ ಕಡೆಯವರು ಒಂದು ಕಾರ್ಡ್ ತಂದು ತೋರಿಸಿದರು. ಸಾಯಿಲ್ ಹೆಲ್ತ್ ಕಾರ್ಡ್, ಮಣ್ಣಿನ ಆರೋಗ್ಯ ಚೀಟಿ. "ಎಲ್ಲ ಪಾಸಾಗಿದೆ ನೋಡಿ" ಎಂದರು. ಈ ಯೋಜನೆ ದೇಶಕ್ಕೆಲ್ಲ ಶುರುವಾದದ್ದು 2015ರ ಫೆಬ್ರವರಿ 19ರಂದು, ಅದೂ ಹವಾಲ್ದಾರ್ರು ಡ್ಯೂಟಿ ಮಾಡಿದ ಸೂರತ್‌ಗಢದಲ್ಲೇ! ಕಾರ್ಡಿನಲ್ಲಿ ಹನ್ನೆರಡು ಅಂಶಗಳಿರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜತೆಗೆ ಹುಳಿ-ಕ್ಷಾರ, ಲವಣ, ಸಾವಯವ ಇಂಗಾಲ. ಗೊಬ್ಬರ ಎಷ್ಟು ಹಾಕಬೇಕೆಂದು ತಿಳಿಯಲು ಬಹಳ ಉಪಯೋಗ, ಎಲ್ಲ ರೈತರೂ ಮಾಡಿಸಬೇಕು. ಆದರೆ ಅದಕ್ಕೆ ಮಣ್ಣು ತೆಗೆಯುವುದು ಮೇಲಿನ ಅರ್ಧ ಅಡಿಯಿಂದ. ಎರಡೂವರೆ ಅಡಿಯಲ್ಲಿರುವ ಬೂದು ಜೇಡಿ ಅದಕ್ಕೆ ಹೇಗೆ ಕಾಣಬೇಕು? ಹೊಸದಾಗಿ ನೀರಾವರಿ ಮಾಡಲು ಹೊರಟವರು ಈ ಚೀಟಿಯ ಜತೆಗೆ ಒಂದು ಗುಂಡಿಯನ್ನೂ ತೋಡಬೇಕು. ಎರಡು ಆಳಿನ ಅರ್ಧ ದಿನದ ಕೂಲಿ ಅಷ್ಟೇ ಖರ್ಚು.

ನಮ್ಮ ಕಾಲದಲ್ಲಿ ಜಮೀನನ್ನು ನೀರಾವರಿಗೆ ಒಂದರಿಂದ ಆರು ತರಗತಿಗಳಾಗಿ ವಿಂಗಡಿಸುತ್ತಿದ್ದೆವು. ಶಾಲೆಯಂತಲ್ಲ, ಇಲ್ಲಿ ಒಂದನೆಯದೇ ಉತ್ತಮ, ಆರನೆಯದು ನಪಾಸು. ಮೇಲಿನ ಒಂದೂವರೆ ಎಕರೆಗೆ ನಾನು ಮೂರನೇ ತರಗತಿ ಕೊಟ್ಟೆ: ಆಗುತ್ತದೆ, ಹನಿ ನೀರಾವರಿಯಿದ್ದರೆ, ಗೊಬ್ಬರ ಕಂತುಕಂತಾಗಿ ಕೊಟ್ಟರೆ. ಮರಳಿನಲ್ಲಿ ಒಂದೇ ಸಲ ಯೂರಿಯಾ ಸುರಿದರೆ ನೀರಿನ ಜತೆ ಅದೂ ಇಳಿದುಹೋಗುತ್ತದೆ. ಕೆಳಗಿನ ಭಾಗ, ನೀರು ಹೊರಹೋಗಲು ಬಸಿಗಾಲುವೆ ತೆಗೆಯುವವರೆಗೆ, ನೀರಾವರಿಗೆ ಬೇಡ.

ಕೆರೆ ಗೋಡಿನ ವಿಷಯ ನೆನಪಿಸಿದವರು ಅಲ್ಲಿಯೇ ಎಮ್ಮೆ ಮೇಯಿಸುತ್ತಿದ್ದ ಒಬ್ಬ ಅಜ್ಜಿ. "ನಮ್ಮಪ್ಪನ ಕಾಲದಲ್ಲಿ ಬೇಸಗೇಲಿ ಕೆರೆ ಬತ್ತಿದಾಗ ಗೋಡು ಹೊಡೀತಿದ್ರು, ಗಾಡಿ ಲೆಕ್ಕದಲ್ಲಿ" ಎಂದರು. ನೂರಕ್ಕೆ ನೂರು ಸರಿ. ಕೆರೆಯಂಗಳದ ನುಣುಪು ಮಣ್ಣಿನಲ್ಲಿ ಇರುವುದೇ ಜೇಡಿ ಮತ್ತು ಹೂಳು, ಮರಳಿನಲ್ಲಿ ಇಲ್ಲದ್ದೂ ಅವೇ. ಜೈಸಲ್ಮೇರಿನ ಪಾಲಿವಾಲರು ಮರುಭೂಮಿಯಲ್ಲಿ 'ಖಡೀನ್' ಎಂಬ ಏರಿ ಕಟ್ಟಿ, ಮಳೆ ನೀರಿನ ಜತೆ ಬರುವ ನುಣುಪು ಮಣ್ಣನ್ನೂ ತಡೆದು, ನೀರಿಂಗಿದ ಮೇಲೆ ಅದೇ ತೇವದಲ್ಲಿ ಗೋಧಿ, ಕಡಲೆ ಬಿತ್ತುತ್ತಿದ್ದರು. ಕೆಲವು ಏರಿಗಳು ಇವತ್ತಿಗೂ ಕೆಲಸ ಮಾಡುತ್ತಿವೆ. ಅಲ್ಲಿ ಮಳೆಯೇ ಗೋಡು ತಂದುಹಾಕುತ್ತದೆ. ನಮ್ಮಲ್ಲಿ ಟ್ರ್ಯಾಕ್ಟರ್ ಬಾಡಿಗೆ ಕೊಡಬೇಕು. ಆದರೆ ಒಂದು ಎಚ್ಚರಿಕೆ: ಕೊಚ್ಚೆ ಸೇರುವ ಕೆರೆಯ ಗೋಡು ಬೇಡ. ಪರೀಕ್ಷೆ ಮಾಡಿಸದೆ ಅದನ್ನು ಹೊಲಕ್ಕೆ ತರಬಾರದು.

ಗುಂಡಿ ಮುಚ್ಚುವಾಗ ಅಡಿಮಣ್ಣನ್ನು ಅಡಿಗೆ, ಮೇಲ್ಮಣ್ಣನ್ನು ಮೇಲಕ್ಕೆ ಹಾಕಿಸಿದೆ. ಅದಲುಬದಲಾದರೆ ಆ ಜಾಗದಲ್ಲಿ ವರ್ಷಗಟ್ಟಲೆ ಬೆಳೆ ಸೊರಗುತ್ತದೆ. ಬಸ್ಸಿನಲ್ಲಿ ಬರುವಾಗ ಹವಾಲ್ದಾರ್ರು ಕೆ.ಆರ್. ಪುರದವರೆಗೂ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ. ನಲವತ್ತು ವರ್ಷ ಕಂಡ ಕನಸಿನ ಮುಕ್ಕಾಲು ಭಾಗವನ್ನು ಒಂದು ಡ್ರಮ್ಮು ತಿಂದುಹಾಕಿದಾಗ ಮನುಷ್ಯನಿಗೆ ಒಂದಿಷ್ಟು ಹೊತ್ತು ಬೇಕು.

ಮೇಲಿನ ಒಂದೂವರೆ ಎಕರೆಯನ್ನಷ್ಟೇ ಕೊಡಿ ಎಂದು ಅವರು ಕೇಳಿದರು. ಮಾರುವವರು ಒಪ್ಪಲಿಲ್ಲ, ಕೊಟ್ಟರೆ ನಾಲ್ಕೂ ಒಟ್ಟಿಗೆ ಎಂದರು. ಎರಡು ತಿಂಗಳು ಹಗ್ಗಜಗ್ಗಾಟ ನಡೆಯಿತು. ಬೇರೆ ಗಿರಾಕಿ ಬರಲಿಲ್ಲ. ಕಡೆಗೆ ಆ ಒಂದೂವರೆ ಎಕರೆಯನ್ನು ವರ್ಷದ ಲೆಕ್ಕದಲ್ಲಿ ಗುತ್ತಿಗೆಗೆ ಕೊಟ್ಟರು. ದುಡ್ಡು ಹಾಗೇ ಪೋಸ್ಟ್ ಆಫೀಸಿನಲ್ಲಿದೆ. ಪಾಸ್‌ಬುಕ್ಕನ್ನು ಅವರ ಹೆಂಡತಿ ತಮ್ಮ ಟ್ರಂಕಿನಲ್ಲೇ ಇಟ್ಟುಕೊಂಡಿದ್ದಾರೆ.

ಜೂನ್‌ನಲ್ಲಿ ಮುಕ್ಕಾಲು ಎಕರೆಗೆ ಹನಿ ಪೈಪು ಎಳೆದು ಕಡಲೆಕಾಯಿ ಬಿತ್ತಿದರು. ಉಳಿದ ಮುಕ್ಕಾಲಕ್ಕೆ ಮಳೆ ನಂಬಿಕೊಂಡು ರಾಗಿ ಮತ್ತು ಅವರೆ. ತಿಂಗಳಿಗೊಮ್ಮೆ, ಅಮಾವಾಸ್ಯೆಯ ಮರುದಿನ, ಡ್ರಮ್ ಹಿಡಿದು ಬೋರ್‌ವೆಲ್ ಅಳೆಯುತ್ತಾರೆ. ಸೈನ್ಯದ ಶಿಸ್ತು, ಒಂದು ತಿಂಗಳೂ ತಪ್ಪಿಲ್ಲ. ಏಪ್ರಿಲ್‌ನಲ್ಲಿ ಒಂಬತ್ತು ನಿಮಿಷ ಹಿಡಿದ ಡ್ರಮ್ಮು ಸೆಪ್ಟೆಂಬರ್ ಮಳೆಯ ಮೇಲೆ ಐದೂವರೆ ನಿಮಿಷಕ್ಕೆ ಬಂದಿದೆ. ಲೆಕ್ಕವನ್ನೆಲ್ಲ ಮೊಮ್ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತಾರೆ. ಹೊಳೆ ಕಡೆಯ ಎರಡೂವರೆ ಎಕರೆಯಲ್ಲಿ ಈ ಮಳೆಗಾಲ ಮೊಣಕಾಲುದ್ದ ಜೊಂಡು ಬೆಳೆದಿತ್ತು, ಎಮ್ಮೆ ಅಜ್ಜಿಗೆ ಖುಷಿಯೋ ಖುಷಿ.